ಹದಿಮೂರನೇ ಹೆದ್ದಾರಿ ಮತ್ತು ಒಂದು ಬೇರಿಂಗಿನ ಚರಿತ್ರೆ

ನಮ್ಮದು ಮೂಡಬಿದ್ರೆ ರಸ್ತೆಯ ಬದಿಯಲ್ಲಿರುವ ಸಣ್ಣ ಜವಳಿ ಅಂಗಡಿ. ಚಾದರ, ಟವೆಲ್, ಲುಂಗಿ, ಪೆರ್ನಾಲಿನ ಸಮಯಕ್ಕೆ ಮಕ್ಕಳ ಒಂದಷ್ಟು ಬಟ್ಟೆ. ನಾನು ಶಾಲೆಗೆ ಹೋಗುತ್ತಿದ್ದಾಗ ರಸ್ತೆ ಬದಿಯ ಮೈಲಿಗಲ್ಲಿನ ಹಳದಿ ತಲೆಯ ಮೇಲೆ 13 ಎಂದು ಬರೆದಿರುತ್ತಿತ್ತು. ಅದೇನೆಂದು ಕೇಳಿದರೆ ಉಪ್ಪ ಹೇಳುತ್ತಿದ್ದರು: "ಇದು ಹದಿಮೂರನೇ ಹೆದ್ದಾರಿ. ಈ ತುದಿಯಲ್ಲಿ ಮಂಗಳೂರು, ಆ ತುದಿಯಲ್ಲಿ ಸೊಲ್ಲಾಪುರ. ನಮ್ಮ ಅಂಗಡಿಯ ಚಾದರ ಬರುವುದು ಆ ತುದಿಯಿಂದ."

ಆ ನಂಬರು ಈಗ ಇಲ್ಲ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಹದಿಮೂರು ತುಂಡು ತುಂಡಾಯಿತು. ಸೊಲ್ಲಾಪುರದಿಂದ ವಿಜಯಪುರದವರೆಗಿನದು 52ಕ್ಕೆ ಸೇರಿತು, ವಿಜಯಪುರದಿಂದ ಹೊಸಪೇಟೆಯ ಮೇಲೆ ಚಿತ್ರದುರ್ಗಕ್ಕೆ ಬರುವುದು 50 ಆಯಿತು, ಶಿವಮೊಗ್ಗದಿಂದ ತೀರ್ಥಹಳ್ಳಿ, ಕಾರ್ಕಳ, ಮೂಡಬಿದ್ರೆ ಹಾದು ಮಂಗಳೂರಿಗೆ ಇಳಿಯುವುದು 169 ಆಯಿತು. ಆದರೆ ಲಾರಿ ಓಡಿಸುವ ಹಿರಿಯರ ಬಾಯಲ್ಲಿ ಇವತ್ತಿಗೂ ಅದು ಹದಿಮೂರೇ. ಹೆಚ್ಚುಕಡಿಮೆ 700 ಕಿಲೋಮೀಟರ್‌.

ಬ್ಯಾರಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹಡಗು, ಬಂದರು, ಕಾಳುಮೆಣಸು ಎಂದು ಸಮುದ್ರದ ಕಡೆ ಮುಖ ಮಾಡಿ ಬರೆಯುತ್ತಾರೆ. ಅದು ತಪ್ಪಲ್ಲ. ಆದರೆ ನಮ್ಮ ವ್ಯಾಪಾರದ ಇನ್ನರ್ಧ ಘಟ್ಟದ ಕಡೆ ಮುಖ ಮಾಡಿತ್ತು, ಮತ್ತು ಅದು ಚಕ್ರದ ಮೇಲೆ ನಡೆಯಿತು. ಆ ಚಕ್ರದ ಚರಿತ್ರೆಯನ್ನು ನಾವು ಬರೆದಿಲ್ಲ. ನನಗೆ ಅದರ ನೆನಪಾದದ್ದು ಕಳೆದ ವರ್ಷ ಅಕ್ಕಲಕೋಟೆಯಲ್ಲಿ ನನ್ನ ಪಿಕಪ್ಪಿನ ಎಡ ಮುಂದಿನ ಚಕ್ರ ಬಿಚ್ಚಿಟ್ಟು ಕುಳಿತಾಗ.

ಮೊದಲು ಎರಡು ತುದಿಗಳ ವ್ಯತ್ಯಾಸ ನೋಡಿ. ಸೊಲ್ಲಾಪುರಕ್ಕೆ ಮುಂಬಯಿ ಕಡೆಯಿಂದ ರೈಲು ಬಂದದ್ದು 1860ರಲ್ಲಿ. ಅದರ ಬೆನ್ನಿಗೇ 1877ರಲ್ಲಿ ಅಲ್ಲಿ ದೊಡ್ಡ ಹತ್ತಿ ಗಿರಣಿ ಎದ್ದಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಘಟ್ಟ ಹತ್ತಿ ಹಾಸನಕ್ಕೆ ಹೋಗುವ ರೈಲುದಾರಿ ಮುಗಿದದ್ದು 1979ರಲ್ಲಿ. ಅಂದರೆ ಅಲ್ಲಿಯವರೆಗೆ ಕರಾವಳಿಯ ಹಂಚು, ಒಣಮೀನು, ತೆಂಗು, ಉಪ್ಪು ಘಟ್ಟದ ಮೇಲೆ ಹೋಗಬೇಕಾದರೆ, ಘಟ್ಟದ ಮೇಲಿನ ಅಕ್ಕಿ, ಬೇಳೆ, ಬಟ್ಟೆ ಕೆಳಗೆ ಬರಬೇಕಾದರೆ ರಸ್ತೆಯೇ ಗತಿ. ಮೊದಲು ನೇತ್ರಾವತಿಯಲ್ಲಿ ದೋಣಿ, ಬಂಟ್ವಾಳ-ಪಾಣೆಮಂಗಳೂರಿನಲ್ಲಿ ಇಳಿಸಿ ಎತ್ತಿನ ಗಾಡಿ. ಆಮೇಲೆ ಬಸ್ಸು, ಲಾರಿ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ನಮ್ಮ ಹಿರಿಯರು ಹೇಳುವ ಸಿಪಿಸಿ, 1914ರಲ್ಲೇ ಶುರುವಾಗಿತ್ತು. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಲಾರಿಯಲ್ಲಿ ಕ್ಲೀನರಾಗಿ ಹತ್ತಿ, ಡ್ರೈವರಾಗಿ ಇಳಿದು, ಕೂಡಿಟ್ಟ ಹಣದಲ್ಲಿ ಅಂಗಡಿ ಇಟ್ಟವರು. ನನ್ನ ಉಪ್ಪನೂ ಹಾಗೆಯೇ.

ಇನ್ನು ನನ್ನ ಕಥೆ. ವರ್ಷಕ್ಕೆ ಎರಡು ಸಲ ನಾನೂ ನಮ್ಮ ಡ್ರೈವರ್ ಹುಡುಗನೂ ಪಿಕಪ್‌ನಲ್ಲಿ ತೆಂಗಿನಕಾಯಿ ತುಂಬಿಕೊಂಡು ಅಕ್ಕಲಕೋಟೆಗೆ ಹೋಗುತ್ತೇವೆ. ಅಲ್ಲಿ ಸ್ವಾಮಿ ಸಮರ್ಥರ ಕ್ಷೇತ್ರಕ್ಕೆ ಬರುವ ಜನ ಬಹಳ, ಕಾಯಿಗೆ ಬೇಡಿಕೆ ಇದೆ. ಕಾಯಿ ಇಳಿಸಿ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋಗಿ ಚಾದರ, ಟವೆಲ್ ತುಂಬಿಕೊಂಡು ಬರುವುದು. ಹೋಗುವಾಗಲೂ ಬರುವಾಗಲೂ ಲೋಡು ಇದ್ದರೆ ಡೀಸೆಲ್ ಹಣ ಗಿಟ್ಟುತ್ತದೆ.

ಈ ಸಲ ಹೊರಡುವ ಹಿಂದಿನ ದಿನ ಉಪ್ಪ ಅಂಗಡಿಯ ಜಗಲಿಯಲ್ಲಿ ನಿಂತು, ಗಾಡಿ ಹಿಂದೆ ಮುಂದೆ ಮಾಡುವುದನ್ನು ನೋಡಿ, "ಮೋನೇ, ಎಡದ ಮುಂದಿನ ಚಕ್ರ ಸದ್ದು ಮಾಡ್ತದೆ" ಎಂದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. "ಅದು ಟಯರಿನ ಸದ್ದು ಉಪ್ಪ, ಟಯರ್ ಒಂದು ಬದಿ ಸವೆದಿದೆ" ಎಂದೆ. ನಿಜ ಹೇಳಬೇಕೆಂದರೆ ನನಗೂ ಅನುಮಾನ ಇತ್ತು. ಎರಡು ತಿಂಗಳ ಹಿಂದೆಯೇ ಗ್ಯಾರೇಜಿನವರು ಬ್ರೇಕ್ ನೋಡಿಸಿ ಎಂದಿದ್ದರು. ಸೀಸನ್ ಮುಗಿಯಲಿ ಎಂದು ನಾನೇ ಮುಂದೆ ಹಾಕಿದ್ದೆ. ಕಾಯಿಯನ್ನೂ ಲೆಕ್ಕಕ್ಕಿಂತ ಜಾಸ್ತಿಯೇ ತುಂಬಿಸಿದ್ದೆ.

ಹೊಸಪೇಟೆ ದಾಟುವಾಗ ಆ ಸದ್ದು ಗುಂಯ್ ಎಂದು ಕೇಳಿಸತೊಡಗಿತು. ವೇಗ ಹೆಚ್ಚಿದರೆ ಹೆಚ್ಚುತ್ತದೆ, ರಸ್ತೆ ಬಲಕ್ಕೆ ತಿರುಗಿದಾಗ ಜೋರಾಗುತ್ತದೆ, ಎಡಕ್ಕೆ ತಿರುಗಿದಾಗ ಕಡಿಮೆಯಾಗುತ್ತದೆ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಗಡೆಗೆ ವಾಲುತ್ತದೆ. ಆಗ ಸದ್ದು ಜಾಸ್ತಿಯಾದರೆ ರೋಗ ಎಡ ಚಕ್ರದ ಬೇರಿಂಗಿನದ್ದು. ಇದು ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡ ಉತ್ತರ. ಆದರೂ ಓಡಿಸಿದೆ. ವಿಜಯಪುರ ದಾಟಿದ ಮೇಲೆ ಬ್ರೇಕ್ ಪೆಡಲು ಮೊದಲಿಗಿಂತ ಕೆಳಗೆ ಹೋಗತೊಡಗಿತು. ಒಂದು ಸಲ ಒತ್ತಿದರೆ ಹಿಡಿಯುವುದಿಲ್ಲ, ಎರಡನೇ ಸಲ ಹಿಡಿಯುತ್ತದೆ. ಅಕ್ಕಲಕೋಟೆಗೆ ಒಂದು ಊರು ಬಾಕಿ ಇರುವಾಗ ಎತ್ತೊಂದು ಅಡ್ಡ ಬಂತು. ಮೊದಲ ಒತ್ತಿಗೆ ಗಾಡಿ ನಿಲ್ಲಲಿಲ್ಲ. ಎರಡನೆಯದಕ್ಕೆ ನಿಂತಿತು. ಎತ್ತಿಗೂ ಬಂಪರಿಗೂ ನಡುವೆ ಒಂದು ಮೊಳವೂ ಇರಲಿಲ್ಲ. ಎತ್ತಿನ ಹಗ್ಗ ಹಿಡಿದಿದ್ದವನು ಏಳೆಂಟು ವರ್ಷದ ಹುಡುಗ.

ಕಾಯಿ ಇಳಿಸಿಕೊಂಡ ವ್ಯಾಪಾರಿ ನಮ್ಮನ್ನು ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದರು. ತಗಡಿನ ಶೆಡ್ಡು, ಬೇವಿನ ಮರದ ನೆರಳು. ನಾನು, "ಕಾಕಾ, ಬ್ರೇಕ್ ಸರಿ ಹಿಡಿಯುವುದಿಲ್ಲ, ಪ್ಯಾಡ್ ಬದಲಾಯಿಸಿಕೊಡಿ" ಎಂದೆ. ಅವರು ಚಕ್ರ ಜಾಕಿ ಮೇಲೆ ಎತ್ತಿ, ಮೇಲೊಂದು ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಚಕ್ರ ಟಕ್ ಟಕ್ ಎಂದು ಆಡಿತು.

"ಇದು ಬ್ರೇಕಿನ ರೋಗ ಅಲ್ಲ ತಮ್ಮಾ, ಬೇರಿಂಗಿನ ರೋಗ," ಎಂದರು. "ಬೇರಿಂಗ್ ಸಾಯೂಕಿಂತ ಮೊದಲ ಒದರತೈತಿ. ಕೇಳವರು ಬೇಕು."

ಅವರು ಹೇಳಿದ್ದು ಸರಿ. ಬೇರಿಂಗ್ ಸವೆದು ಸಡಿಲವಾದರೆ ಹಬ್ ಜೊತೆಗೆ ಡಿಸ್ಕೂ ಓಲಾಡುತ್ತದೆ. ಓಲಾಡುವ ಡಿಸ್ಕು ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ, ಅವು ಪಿಸ್ಟನ್ನನ್ನು ಒಳಗೆ ತಳ್ಳುತ್ತವೆ. ಆಗ ನಾವು ಪೆಡಲು ಒತ್ತಿದರೆ ಮೊದಲ ಒತ್ತು ಆ ಸಂದು ತುಂಬಿಸುವುದರಲ್ಲೇ ಮುಗಿಯುತ್ತದೆ. ಎರಡನೇ ಒತ್ತಿಗೆ ಮಾತ್ರ ಬ್ರೇಕು. ಎಷ್ಟೋ ಜನ ಇದನ್ನು ಬ್ರೇಕಿನ ದೋಷವೆಂದು ತಿಳಿದು ಪ್ಯಾಡ್ ಮಾತ್ರ ಬದಲಿಸಿ ಹೋಗುತ್ತಾರೆ. ಮತ್ತೆ ಹತ್ತು ದಿನಕ್ಕೆ ಅದೇ ಕಥೆ.

ಹಬ್ ಬಿಚ್ಚಿದಾಗ ಗ್ರೀಸು ಕರಟಿ ಕಪ್ಪಾಗಿತ್ತು. ಆಯಿಲ್ ಸೀಲ್ ಸುಟ್ಟು ಬಿರುಕು ಬಿಟ್ಟು, ಕರಗಿದ ಗ್ರೀಸು ಒಳಬದಿಯ ಪ್ಯಾಡಿನ ಅಂಚಿಗೆ ತಾಗಿತ್ತು. ರೋಲರುಗಳು ನೀಲಿ ಬಣ್ಣಕ್ಕೆ ತಿರುಗಿದ್ದವು. ಅದು ಉಕ್ಕು ಅತಿಯಾಗಿ ಕಾದದ್ದರ ಗುರುತು. ಹಬ್ಬಿನ ಒಳಗಿನ ಕಪ್ಪಿನಲ್ಲಿ ಸಿಡುಬಿನ ಕಲೆಯಂತೆ ಗುಳಿಗಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಮ್ಮಂಥ ಗಾಡಿಯ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಸುತ್ತುತ್ತದೆ. ಮಂಗಳೂರಿನಿಂದ ಸೊಲ್ಲಾಪುರಕ್ಕೆ ಬರುವಾಗ 3 ಲಕ್ಷಕ್ಕಿಂತ ಹೆಚ್ಚು. ಅಷ್ಟೂ ಸುತ್ತು ಆ ಗುಳಿಗಳ ಮೇಲೆ, ಭಾರ ಹೊತ್ತುಕೊಂಡು.

ಆ ಬೇರಿಂಗ್ ಅಕ್ಕಲಕೋಟೆಯಲ್ಲಿ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸರಕಾರಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋದೆ. ಬಿಡಿಭಾಗದ ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು. ನಾಲ್ವರು ಹುತಾತ್ಮರ ಚೌಕದವರೆಗೆ ನಡೆದೆ. 1930ರಲ್ಲಿ ಸೊಲ್ಲಾಪುರದ ಜನ ಬ್ರಿಟಿಷರ ವಿರುದ್ಧ ಎದ್ದು, ಊರಿಗೆ ಮಾರ್ಷಲ್ ಲಾ ಹೇರಿದ್ದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ಚಾದರಕ್ಕೆಂದು ವರ್ಷಗಟ್ಟಲೆ ಆ ಊರಿಗೆ ಹೋಗಿದ್ದೇನೆ, ಆ ನಾಲ್ಕು ಹೆಸರು ನಿಂತು ಓದಿದ್ದು ಅದೇ ಮೊದಲು.

ಸೊಲ್ಲಾಪುರ ಬಟ್ಟೆಯ ಊರು. ಬೇರಿಂಗಿನ ಚರಿತ್ರೆಯೂ ಬಟ್ಟೆ ಗಿರಣಿಗೆ ಅಂಟಿಕೊಂಡಿದೆ ಎಂದರೆ ನಿಮಗೆ ಆಶ್ಚರ್ಯ ಆಗಬಹುದು. ಹಳೆಯ ಗಿರಣಿಗಳಲ್ಲಿ ಉದ್ದಕ್ಕೂ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು, ಅದರಿಂದ ಪಟ್ಟಿ ಹಾಕಿ ಮಗ್ಗಗಳನ್ನು ಓಡಿಸುತ್ತಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗಿನ ಒಂದು ಬಟ್ಟೆ ಗಿರಣಿ ಜೇಡಿನೆಲದ ಮೇಲೆ ನಿಂತಿತ್ತು. ನೆಲ ಕುಸಿದಂತೆ ದಂಡ ಓರೆಯಾಗುತ್ತಿತ್ತು, ಬೇರಿಂಗುಗಳು ಸುಟ್ಟುಹೋಗುತ್ತಿದ್ದವು. ಅಲ್ಲಿನ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬಾತ 1907ರಲ್ಲಿ, ದಂಡ ಓರೆಯಾದರೂ ತಾನೇ ಹೊಂದಿಕೊಂಡು ತಿರುಗುವ ಗುಂಡಿನ ಬೇರಿಂಗ್ ಮಾಡಿದ. ಅದೇ ವರ್ಷ ಹುಟ್ಟಿದ ಕಂಪೆನಿಯೇ ಎಸ್‌ಕೆಎಫ್‌. ಇವತ್ತು ಅದರ ಕಾರ್ಖಾನೆ ಪುಣೆಯ ಚಿಂಚವಾಡದಲ್ಲೂ ಇದೆ.

ಗಾಡಿಯ ಚಕ್ರಕ್ಕೆ ಗುಂಡು ಹಾಕುವ ಯೋಚನೆ ಅದಕ್ಕಿಂತಲೂ ಹಳೆಯದು. ವೇಲ್ಸಿನ ಫಿಲಿಪ್ ವಾನ್ ಎಂಬ ಕಬ್ಬಿಣದ ಉದ್ಯಮಿ 1794ರಲ್ಲೇ ಕುದುರೆಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗಿನ ಪೇಟೆಂಟ್ ತೆಗೆದಿದ್ದ. ಆದರೆ ಒಂದೇ ಅಳತೆಯ ಗುಂಡುಗಳನ್ನು ಮಾಡುವುದು ಆಗ ಸುಲಭವಿರಲಿಲ್ಲ. 1883ರಲ್ಲಿ ಜರ್ಮನಿಯ ಫ್ರೀಡ್ರಿಷ್ ಫಿಷರ್ ಉಕ್ಕಿನ ಗುಂಡುಗಳನ್ನು ಸಮನಾಗಿ ಅರೆಯುವ ಯಂತ್ರ ಮಾಡಿದ ಮೇಲೆ ಅದು ಸೈಕಲಿನಿಂದ ಹಿಡಿದು ಎಲ್ಲ ಕಡೆ ಹರಡಿತು. ನಮ್ಮ ಪಿಕಪ್ಪಿನ ಮುಂಚಕ್ರದಲ್ಲಿರುವುದು ಮಾತ್ರ ಗುಂಡು ಅಲ್ಲ, ಓರೆಯಾಗಿ ಕೂರಿಸಿದ ಉಕ್ಕಿನ ರೋಲರು. ಅದನ್ನು ಮಾಡಿದವರು ಅಮೆರಿಕದ ಹೆನ್ರಿ ಟಿಮ್ಕೆನ್. ಆತ ಕುದುರೆಗಾಡಿ ಕಟ್ಟುವವನು. ಗಾಡಿ ತಿರುವಿನಲ್ಲಿ ತಿರುಗುವಾಗ ಭಾರ ಮೇಲಿನಿಂದ ಮಾತ್ರವಲ್ಲ, ಬದಿಯಿಂದಲೂ ಚಕ್ರವನ್ನು ಒತ್ತುತ್ತದೆ. ಎರಡೂ ಒತ್ತಡ ತಡೆಯುವಂತೆ ರೋಲರನ್ನು ಓರೆ ಮಾಡಿ 1898ರಲ್ಲಿ ಪೇಟೆಂಟ್ ತೆಗೆದ. ಘಾಟಿಯ ತಿರುವುಗಳಲ್ಲಿ ಲೋಡು ಇಳಿಸುವ ನಾವು ಪ್ರತಿ ತಿರುವಿಗೂ ಆ ಗಾಡಿ ಕಟ್ಟುವವನಿಗೆ ಸಾಲಗಾರರು. ನಮ್ಮ ದೇಶದಲ್ಲಿ ಬೇರಿಂಗ್ ಮಾಡಲೆಂದು ಜೈಪುರದಲ್ಲಿ ಕಂಪೆನಿ ಶುರುವಾದದ್ದು 1946ರಲ್ಲಿ.

ನಮ್ಮ ಎತ್ತಿನ ಗಾಡಿಯವರು ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತಿದ್ದರು. ಗುಂಬದೊಳಗೆ ಅಚ್ಚು ಸವೆಯದಂತೆ ಕೀಲೆಣ್ಣೆ ಹಾಕುವುದು, ಚಕ್ರ ಜಾರಿಹೋಗದಂತೆ ಕಡಾಣಿ ಹೊಡೆಯುವುದು. ಕೀಲೆಣ್ಣೆಯ ಜಾಗದಲ್ಲಿ ಈಗ ಗ್ರೀಸು ಬಂದಿದೆ, ಕಡಾಣಿಯ ಜಾಗದಲ್ಲಿ ಸ್ಪ್ಲಿಟ್ ಪಿನ್ ಬಂದಿದೆ. ಹೆಸರು ಬದಲಾಯಿತು, ಕೆಲಸ ಅದೇ.

ಮಧ್ಯಾಹ್ನ ಬೇರಿಂಗ್, ಆಯಿಲ್ ಸೀಲ್, ಪ್ಯಾಡ್, ಹಿಂದಿನ ಚಕ್ರದ ಬ್ರೇಕ್ ಶೂ, ಬ್ರೇಕ್ ಆಯಿಲ್ ಎಲ್ಲ ಹೊತ್ತುಕೊಂಡು ಅಕ್ಕಲಕೋಟೆಗೆ ವಾಪಸು ಬಂದೆ. ಕಾಕಾ ಕೆಲಸ ಮಾಡುವುದನ್ನು ನೋಡುತ್ತಾ, ಕೈ ಜೋಡಿಸುತ್ತಾ ಕುಳಿತೆ. ಹುಡುಗನ ಜೊತೆ ಮರಾಠಿ, ಫೋನಿನಲ್ಲಿ ಹಿಂದಿ, ನನ್ನ ಜೊತೆ ಕನ್ನಡ. ನನ್ನ ಕನ್ನಡ ಕೇಳಿ ಅವರಿಗೆ ನಗು. "ಸಾಲಿ ಪುಸ್ತಕ ಓದಿದಂಗ ಮಾತಾಡ್ತಿಯಲ್ಲೋ ತಮ್ಮಾ," ಎಂದರು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಕಲಿತವರು ನಾವು, ಹಾಗಾಗಿ ಹೀಗೆ ಎಂದೆ. ಅವರ ಮೊಮ್ಮಕ್ಕಳದ್ದು ಉಲ್ಟಾ ಅಂತೆ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ.

ಅಕ್ಕಲಕೋಟೆ ಒಂದು ಕಾಲದಲ್ಲಿ ಭೋಸಲೆ ಮನೆತನದ ಸಣ್ಣ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. 1967ರ ಮಹಾಜನ ವರದಿ ಅಕ್ಕಲಕೋಟೆ ಕರ್ನಾಟಕಕ್ಕೆ ಬರಬೇಕು ಎಂದಿತು. ಅದೇ ವರದಿ ನಮ್ಮ ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರ ಭಾಗವನ್ನೂ ಕರ್ನಾಟಕಕ್ಕೆ ಕೊಡಬೇಕು ಎಂದಿತ್ತು. ಎರಡೂ ಆಗಲಿಲ್ಲ. ಆ ಗೆರೆಗಳ ವಿಷಯ ಇಲ್ಲಿ ಬೇಡ. ಹದಿಮೂರನೇ ಹೆದ್ದಾರಿಯ ಎರಡು ತುದಿಯಲ್ಲೂ ಗಡಿಯ ಜನವೇ ಇದ್ದಾರೆ ಎಂಬುದು ಆ ಬೇವಿನ ಮರದ ಕೆಳಗೆ ನನಗೆ ಹೊಳೆಯಿತು, ಅಷ್ಟೇ.

ಕಾಕಾನ ತಂದೆ ಸೊಲ್ಲಾಪುರದ ಗಿರಣಿಯಲ್ಲಿ ದಂಡದ ಬೇರಿಂಗುಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದರಂತೆ. ದಿನವಿಡೀ ಎಣ್ಣೆ ಡಬ್ಬಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ. ಯಾವ ಬೇರಿಂಗ್ ಬಿಸಿಯಾಗಿದೆ ಎಂದು ಕೈಯಿಟ್ಟು ನೋಡುವುದು, ಯಾವುದು ಸದ್ದು ಬದಲಿಸಿದೆ ಎಂದು ಅಷ್ಟು ಮಗ್ಗಗಳ ಗದ್ದಲದಲ್ಲೂ ಕೇಳುವುದು. "ನಮ್ಮಪ್ಪಗ ಸಾಲಿ ಇರಲಿಲ್ಲ, ಕಿವಿ ಇತ್ತು," ಎಂದರು. ನನಗೆ ಜಗಲಿಯಲ್ಲಿ ನಿಂತಿದ್ದ ಉಪ್ಪನ ನೆನಪಾಯಿತು.

ಕೆಲಸದ ಕ್ರಮ ನಿಮ್ಮಲ್ಲಿ ಗಾಡಿ ಇಟ್ಟವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತೇನೆ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿದರು, ರಬ್ಬರ್ ಹೋಸಿನ ಮೇಲೆ ಭಾರ ಬೀಳಬಾರದು. ಹಬ್ಬಿನ ಒಳಗಿನ ಹಳೆಯ ಕಪ್ಪುಗಳನ್ನು ತಟ್ಟಿ ತೆಗೆದರು. ರೋಲರು ಮಾತ್ರ ಹೊಸದು ಹಾಕಿ ಕಪ್ಪು ಹಳೆಯದೇ ಬಿಡುವವರಿದ್ದಾರೆ. ಹಾಗೆ ಮಾಡಿದರೆ ಹಳೆಯ ಗುಳಿಗಳು ಹೊಸ ರೋಲರನ್ನು ಬೇಗ ತಿನ್ನುತ್ತವೆ, ಎರಡೂ ಜೋಡಿಯಾಗಿಯೇ ಬದಲಾಗಬೇಕು. ಹೊಸ ಕಪ್ಪನ್ನು ಸುತ್ತಲೂ ಸಮನಾಗಿ ತಟ್ಟುತ್ತಾ ಕೂರಿಸಿದರು. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ. ಅಂಗೈಯಲ್ಲಿ ಗ್ರೀಸು ಇಟ್ಟು ಪ್ರತಿ ರೋಲರಿನ ಸಂದಿಗೂ ಒತ್ತಿದರು. ನಟ್ಟು ಬಿಗಿ ಮಾಡುವಾಗ ಚಕ್ರ ತಿರುಗಿಸುತ್ತಾ ಬಿಗಿದು, ಆಮೇಲೆ ಸ್ವಲ್ಪ ಸಡಿಲ ಮಾಡಿ, ಬರೀ ಬೆರಳಿನ ಬಿಗಿಗೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಿದರು. ಇಲ್ಲಿ ಬಲ ತೋರಿಸಬಾರದು. ಬಿಗಿ ಹೆಚ್ಚಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಅಲ್ಲಾಡುತ್ತದೆ. ಹಳೆಯ ಪಿನ್ ಬಗ್ಗಿಸಿ ಮತ್ತೆ ಹಾಕಲು ಹೋದ ಹುಡುಗನಿಗೆ ಒಂದು ಬೈಗುಳ ಸಿಕ್ಕಿತು.

ಬ್ರೇಕಿನ ಚರಿತ್ರೆಯೂ ಸ್ವಾರಸ್ಯದ್ದೇ. 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಹೆಂಗಸು ಗಂಡ ಮಾಡಿದ ಕಾರನ್ನು ಮಕ್ಕಳ ಜೊತೆ ದೂರದ ತವರಿಗೆ ಓಡಿಸಿಕೊಂಡು ಹೋದಳು. ದಾರಿಯ ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕ್ ಲೈನರಿನ ಹುಟ್ಟು ಅದೇ ಎನ್ನುತ್ತಾರೆ. ಡ್ರಮ್ ಬ್ರೇಕಿಗೆ ಫ್ರಾನ್ಸಿನ ಲೂಯಿ ರೆನೊ, ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಲ್ಯಾಂಚೆಸ್ಟರ್, ಇಬ್ಬರದೂ 1902. ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರ ಹಿಡಿಯುವ ಹೈಡ್ರಾಲಿಕ್ ಬ್ರೇಕಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಸರಳು, ತಂತಿ ಎಳೆದು ಹಿಡಿಸುವ ಬ್ರೇಕು, ಒಂದು ಚಕ್ರಕ್ಕೆ ಜಾಸ್ತಿ ಒಂದಕ್ಕೆ ಕಡಿಮೆ.

ಬ್ರೇಕ್ ಮಾಡುವುದೆಂದರೆ ಓಟವನ್ನು ಬಿಸಿಯಾಗಿ ಬದಲಿಸುವುದು. ಲೋಡು ಸೇರಿ 3 ಟನ್ ತೂಗುವ ಗಾಡಿ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ, ಆ ಬಿಸಿಯಲ್ಲಿ ಒಂದೂಕಾಲು ಲೀಟರ್ ನೀರು ಕುದಿಯುವ ಹಂತಕ್ಕೆ ಬರಬಹುದು. ಘಾಟಿಯಲ್ಲಿ ಇದು ತಿರುವಿಗೊಂದು ಸಲ. ಹೊಸ ಡಾಟ್ 3 ಬ್ರೇಕ್ ಆಯಿಲ್ 205 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕೆಂಬ ನಿಯಮ ಇದೆ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲಿಗೆ ನಿಯಮ ಕೇಳುವುದು 140 ಡಿಗ್ರಿ ಮಾತ್ರ. ನಮ್ಮ ಕರಾವಳಿಯ ಮಳೆಗಾಲದ ಹವೆ ಗೊತ್ತಲ್ಲ. ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಕಾಕಾ ಹಳೆಯ ಆಯಿಲ್ ತೆಗೆದಾಗ ಅದು ಕಷಾಯದ ಬಣ್ಣದಲ್ಲಿತ್ತು. ದೂರದ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಒಂದೊಂದಾಗಿ ನಾಲ್ಕೂ ಚಕ್ರದ ಏರ್ ತೆಗೆದರು.

ಹಿಂದಿನ ಡ್ರಮ್ ಬಿಚ್ಚಿದಾಗ ಹುಡುಗ ಬಾಯಿಂದ ಊದಿ ಧೂಳು ಹಾರಿಸಲು ಹೋದ. ನಾನು ತಡೆದು ಒದ್ದೆ ಬಟ್ಟೆ ಕೊಟ್ಟೆ. ಬಹಳ ಕಾಲ ಬ್ರೇಕ್ ಲೈನರಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. ಬಿಸಿ ತಡೆಯುತ್ತದೆ, ಅಗ್ಗ. ಆದರೆ ಅದರ ಧೂಳು ಶ್ವಾಸಕೋಶದಲ್ಲಿ ಕೂತು ಹತ್ತಾರು ವರ್ಷಗಳ ಮೇಲೆ ಜೀವ ತೆಗೆಯುತ್ತದೆ. ಕಲ್ನಾರಿನ ಕೆಲಸಗಾರರ ಆರೋಗ್ಯ ಅವರ ಹಕ್ಕು ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. ಈಗ ಕಲ್ನಾರು ಇಲ್ಲದ ಲೈನರ್ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತದೆ, ಕೇಳಿ ತೆಗೆದುಕೊಳ್ಳಿ. ನಮ್ಮ ಎಷ್ಟೋ ಹುಡುಗರು ಊರಿನಲ್ಲೂ ಗಲ್ಫಿನಲ್ಲೂ ಗ್ಯಾರೇಜಿನಲ್ಲಿ ದುಡಿಯುತ್ತಾರೆ. ಅವರ ಉಮ್ಮಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಫೋನು ಮಾಡಿ ಹೇಳಿ: ಬ್ರೇಕಿನ ಧೂಳು ಊದಬಾರದು.

ಸಂಜೆ ಕೆಲಸ ಮುಗಿಯಿತು. ಮರುದಿನ ಸೊಲ್ಲಾಪುರದಲ್ಲಿ ಚಾದರ ತುಂಬಿಕೊಂಡು ಹೊರಟೆವು, ಈ ಸಲ ಲೆಕ್ಕಕ್ಕೆ ಸರಿಯಾಗಿ. ನೂರು ಕಿಲೋಮೀಟರ್ ಆದ ಮೇಲೆ ಕಾಕಾ ಹೇಳಿದಂತೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ನೋಡಿದೆ, ಹಬ್ಬಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಮಾಳ ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿದೆವು. ಗಾಡಿಯಲ್ಲಿ ಮಾತಾಡಿದರೆ ಕೇಳಿಸುವಷ್ಟು ಸದ್ದಿಲ್ಲ.

ಮನೆಗೆ ಬಂದು ಹಳೆಯ ಬೇರಿಂಗನ್ನು ಉಪ್ಪನ ಕೈಗೆ ಕೊಟ್ಟು, "ನೀವು ಹೇಳಿದ್ದೇ ಸರಿ" ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಉಪ್ಪನ ಎಡಗೈಯ ಎರಡು ಬೆರಳು ಅರ್ಧಕ್ಕೆ ನಿಂತಿವೆ. ಆ ಕೈಯಲ್ಲೇ ಅವರು ಇಷ್ಟು ವರ್ಷ ಬಟ್ಟೆ ಅಳೆದದ್ದು. ಕೇಳಿದಾಗಲೆಲ್ಲ "ಲಾರಿಯಲ್ಲಿ ಆಯಿತು" ಎಂದಷ್ಟೇ ಹೇಳುತ್ತಿದ್ದರು. ಆ ದಿನ ಪೂರ್ತಿ ಹೇಳಿದರು. ಹದಿನೇಳು ವರ್ಷ, ಹಂಚು ಹೇರಿದ ಲಾರಿಯಲ್ಲಿ ಕ್ಲೀನರ್. ಘಾಟಿ ಹತ್ತುವಾಗ ಲಾರಿ ನಿಂತರೆ ಇಳಿದು ಓಡಿ ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡುವುದು ಅವರ ಕೆಲಸ. ಬ್ರೇಕ್ ಸರಿಯಿಲ್ಲ ಎಂದು ಡ್ರೈವರ್ ವಾರದಿಂದ ಹೇಳುತ್ತಿದ್ದರಂತೆ. ಮಾಲಕರು ಮುಂದಿನ ಟ್ರಿಪ್ಪಿಗೆ ನೋಡುವ ಎಂದಿದ್ದರು. ಆ ರಾತ್ರಿ ಲಾರಿ ಹಿಂದಕ್ಕೆ ಜಾರಿತು. ಉಪ್ಪ ತುಂಡು ಕೊಟ್ಟರು, ಲಾರಿ ನಿಂತಿತು, ಆದರೆ ಕೈ ತೆಗೆಯುವಷ್ಟು ಸಮಯ ಸಿಗಲಿಲ್ಲ. ಡ್ರೈವರ್ ತನ್ನ ಮುಂಡಾಸನ್ನು ಹರಿದು ಕೈಗೆ ಸುತ್ತಿ ಅದೇ ಲಾರಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲೋಡು ಮರುದಿನ ತಲುಪಿತು.

"ಮುಂದಿನ ಟ್ರಿಪ್ಪಿಗೆ ಎಂದು ನೀನೂ ಹೇಳಿದಿ," ಎಂದರು ಉಪ್ಪ. ಅಷ್ಟೇ ಅಂದದ್ದು. ನನಗೆ ಎತ್ತಿನ ಹಗ್ಗ ಹಿಡಿದ ಆ ಹುಡುಗ ಕಣ್ಣ ಮುಂದೆ ಬಂದ.

ನಮ್ಮ ಸಮುದಾಯದ ಚರಿತ್ರೆಯಲ್ಲಿ ಹಡಗಿನ ಮಾಲಕರ ಹೆಸರು ಇದೆ, ದಾನಿಗಳ ಹೆಸರು ಇದೆ, ವಿದ್ವಾಂಸರ ಹೆಸರು ಇದೆ. ಇರಲಿ, ಬೇಕು. ಆದರೆ ರೈಲಿಲ್ಲದ ಆ ವರ್ಷಗಳಲ್ಲಿ ಘಟ್ಟ ಹತ್ತಿಸಿ ಇಳಿಸಿ ನಮ್ಮ ಅಂಗಡಿಗಳನ್ನು ತುಂಬಿಸಿದ ಡ್ರೈವರು, ಕ್ಲೀನರು, ಗ್ಯಾರೇಜಿನವರ ಹೆಸರು ಎಲ್ಲೂ ಇಲ್ಲ. ಅವರಲ್ಲಿ ಹಲವರು ಇನ್ನೂ ನಮ್ಮ ಮನೆಯ ಚಾವಡಿಗಳಲ್ಲಿ ಕುಳಿತಿದ್ದಾರೆ. ಯಾವ ಲಾರಿ, ಯಾವ ಘಾಟಿ, ಯಾವ ಊರಿನ ಯಾರು ಊಟ ಹಾಕಿದರು, ಬ್ರೇಕ್ ಹೋದಾಗ ಏನು ಮಾಡಿದರು ಎಂದು ಕೇಳಿ, ಬ್ಯಾರಿಯಲ್ಲೇ ಹೇಳಲಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಕೇಳುವವರಿಲ್ಲದಿದ್ದರೆ ಅವರಾಗಿ ಹೇಳುವವರಲ್ಲ.

ಮತ್ತೆ, ಮಳೆಗಾಲಕ್ಕೆ ಮೊದಲು ನಿಮ್ಮ ಗಾಡಿಯ ಚಕ್ರ ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿ. ಟಕ್ ಎಂದರೆ ಮುಂದಿನ ಟ್ರಿಪ್ಪಿಗೆ ಇಡಬೇಡಿ.